ಹಕ್ಕು ಒಂದೇ, ಲೆಕ್ಕ ಹಲವು: ಅಮೆರಿಕದಲ್ಲಿ ವಿಶೇಷ ಶಿಕ್ಷಣಕ್ಕೆ ಹಣ ಬರುವ ಬಗೆ

ಒಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಿಶೇಷ ಶಿಕ್ಷಣದ ಅಗತ್ಯವುಳ್ಳ ಮಕ್ಕಳು ನೂರಕ್ಕೆ ಎಷ್ಟು ಮಂದಿ ಇರಬೇಕು? ವೈದ್ಯರು, ಮನೋವಿಜ್ಞಾನಿಗಳು ಮತ್ತು ಶಿಕ್ಷಕರು ಒಂದೊಂದು ಮಗುವನ್ನೂ ಪರೀಕ್ಷಿಸಿದ ಮೇಲಷ್ಟೇ ಇದಕ್ಕೆ ಉತ್ತರ ಸಿಗಬೇಕು. ಆದರೆ ಅಮೆರಿಕದ ಟೆಕ್ಸಾಸ್ ರಾಜ್ಯದ ಶಿಕ್ಷಣ ಇಲಾಖೆ 2004ರಲ್ಲಿ ಈ ಉತ್ತರವನ್ನು ಮೊದಲೇ ನಿಗದಿ ಮಾಡಿಬಿಟ್ಟಿತು: ಶೇ. 8.5. ಇದಕ್ಕಿಂತ ಹೆಚ್ಚು ಮಕ್ಕಳಿಗೆ ವಿಶೇಷ ಶಿಕ್ಷಣ ನೀಡುವ ಶಾಲಾಡಳಿತಗಳು ತಪಾಸಣೆಯಲ್ಲಿ ಅಂಕ ಕಳೆದುಕೊಳ್ಳುತ್ತಿದ್ದವು. ಕೆಲವು ತಮ್ಮನ್ನು ತಿದ್ದಿಕೊಳ್ಳುವ ಯೋಜನೆಯನ್ನೂ ಸಲ್ಲಿಸಬೇಕಾಗುತ್ತಿತ್ತು.

ಪರಿಣಾಮ ಕಾಣಲು ಬಹಳ ಕಾಲ ಬೇಕಾಗಲಿಲ್ಲ. ಆಗ ಸುಮಾರು ಶೇ. 12ರಷ್ಟಿದ್ದ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣ 2015ರ ವೇಳೆಗೆ ಸರಿಯಾಗಿ ಶೇ. 8.5ಕ್ಕೆ ಬಂದು ನಿಂತಿತು. ರಾಷ್ಟ್ರೀಯ ಸರಾಸರಿ ಆಗ ಶೇ. 13ರ ಆಸುಪಾಸಿನಲ್ಲಿತ್ತು. ಟೆಕ್ಸಾಸ್‌ನ ಮಕ್ಕಳು ಇದ್ದಕ್ಕಿದ್ದಂತೆ ಆರೋಗ್ಯವಂತರಾಗಿರಲಿಲ್ಲ. ಅವರನ್ನು ಎಣಿಸುವುದನ್ನು ನಿಲ್ಲಿಸಲಾಗಿತ್ತು.

ಸರ್ಕಾರವೊಂದು ಹಣ ಹಂಚಲು ಯಾವ ಲೆಕ್ಕ ಹಿಡಿಯುತ್ತದೆ ಎಂಬುದು ಕೇವಲ ಖಜಾನೆಯ ವಿಷಯವಲ್ಲ. ಯಾವ ಮಗು ಶಾಲೆಯ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂಬುದನ್ನೂ ಆ ಲೆಕ್ಕವೇ ನಿರ್ಧರಿಸಿಬಿಡಬಹುದು. ಐವತ್ತು ರಾಜ್ಯಗಳು ತಮ್ಮ ತಮ್ಮ ಲೆಕ್ಕ ಹಿಡಿದಿರುವ ಅಮೆರಿಕದ ಅನುಭವ ಇದಕ್ಕೆ ಸ್ಪಷ್ಟ ನಿದರ್ಶನ.

ಬಾಗಿಲು ತೆರೆದ ಕಾಯ್ದೆ

1970ರ ದಶಕದ ಆರಂಭದವರೆಗೆ ಅಮೆರಿಕದಲ್ಲೂ ವಿಕಲಚೇತನ ಮಕ್ಕಳ ಶಿಕ್ಷಣ ಸ್ಥಳೀಯ ಆಡಳಿತದ ದಯೆಯ ಮೇಲೆ ನಿಂತಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಶಾಲೆಗಳಿಂದ ಸಂಪೂರ್ಣ ಹೊರಗುಳಿದಿದ್ದಾರೆ ಎಂದು ಅಲ್ಲಿನ ಸಂಸತ್ತೇ ದಾಖಲಿಸಿತ್ತು. ‘ಈ ಮಗುವಿಗೆ ಕಲಿಸುವ ಸೌಲಭ್ಯ ನಮ್ಮಲ್ಲಿಲ್ಲ’ ಎಂದು ಹೇಳಿ ಪೋಷಕರನ್ನು ಮರಳಿ ಕಳುಹಿಸಲು ಶಾಲೆಗಳಿಗೆ ಅವಕಾಶವಿತ್ತು.

ಈ ಸ್ಥಿತಿಯನ್ನು ಮೊದಲು ಅಲುಗಾಡಿಸಿದ್ದು ನ್ಯಾಯಾಲಯಗಳು. ಬುದ್ಧಿಮಾಂದ್ಯ ಮಕ್ಕಳ ಪರವಾಗಿ ಪೆನ್ಸಿಲ್ವೇನಿಯಾದಲ್ಲಿ ಹೂಡಿದ್ದ ಮೊಕದ್ದಮೆ ಮತ್ತು ರಾಜಧಾನಿ ವಾಷಿಂಗ್ಟನ್‌ನ ಶಿಕ್ಷಣ ಮಂಡಳಿಯ ವಿರುದ್ಧದ ಮಿಲ್ಸ್ ಪ್ರಕರಣ, ಎರಡೂ 1972ರಲ್ಲಿ ಮಕ್ಕಳ ಪರವಾಗಿ ತೀರ್ಮಾನವಾದವು. ಹಣದ ಕೊರತೆ ಇದೆ ಎಂಬ ವಾಷಿಂಗ್ಟನ್ ಮಂಡಳಿಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹಣ ಸಾಲದಿದ್ದರೆ ಆ ಕೊರತೆಯನ್ನು ಎಲ್ಲ ಮಕ್ಕಳೂ ಹಂಚಿಕೊಳ್ಳಬೇಕು. ವಿಕಲಚೇತನ ಮಗುವಿನ ಮೇಲಷ್ಟೇ ಅದರ ಭಾರ ಬೀಳಕೂಡದು ಎಂಬುದು ತೀರ್ಪಿನ ಸಾರ.

1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ ಈ ತತ್ವವನ್ನು ದೇಶಕ್ಕೆಲ್ಲ ವಿಸ್ತರಿಸಿತು. 1990ರಿಂದ ಅದನ್ನು ‘ವಿಕಲಚೇತನ ವ್ಯಕ್ತಿಗಳ ಶಿಕ್ಷಣ ಕಾಯ್ದೆ’ ಎಂಬರ್ಥದ ಹೆಸರಿನಿಂದ ಗುರುತಿಸಲಾಗುತ್ತಿದೆ. ಇಂಗ್ಲಿಷ್ ಆದ್ಯಕ್ಷರಗಳಿಂದ ‘ಐಡಿಇಎ’ ಎಂದೇ ಪ್ರಸಿದ್ಧಿ. ಪ್ರತಿ ಮಗುವಿಗೂ ಉಚಿತ ಹಾಗೂ ಸೂಕ್ತ ಶಿಕ್ಷಣ, ಮಗುವಿಗೊಂದು ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ, ಸಾಧ್ಯವಾದಷ್ಟೂ ಇತರ ಮಕ್ಕಳ ಜೊತೆಯಲ್ಲೇ ಕಲಿಕೆ, ಒಪ್ಪಿಗೆಯಾಗದಿದ್ದರೆ ಪೋಷಕರಿಗೆ ಮೇಲ್ಮನವಿಯ ಹಕ್ಕು, ಇವು ಕಾಯ್ದೆಯ ಮುಖ್ಯ ಅಂಶಗಳು. ಅಗತ್ಯವಿರುವ ಮಕ್ಕಳನ್ನು ಹುಡುಕಿ ಗುರುತಿಸುವ ಹೊಣೆಯನ್ನೂ ಕಾಯ್ದೆ ಸರ್ಕಾರದ ಮೇಲೆಯೇ ಹೊರಿಸಿದೆ.

2022–23ರ ಶೈಕ್ಷಣಿಕ ವರ್ಷದಲ್ಲಿ ಈ ಕಾಯ್ದೆಯಡಿ ಸೇವೆ ಪಡೆದವರ ಸಂಖ್ಯೆ ಸುಮಾರು 75 ಲಕ್ಷ. ಅಂದರೆ ಸರ್ಕಾರಿ ಶಾಲೆಗಳ ಒಟ್ಟು ಮಕ್ಕಳಲ್ಲಿ ಶೇ. 15. ಇವರಲ್ಲಿ ಓದು, ಬರಹ, ಲೆಕ್ಕಗಳಲ್ಲಿ ಕಲಿಕಾ ನ್ಯೂನತೆ ಇರುವವರು ಸುಮಾರು ಮೂರನೇ ಒಂದು ಭಾಗ. ಮಾತು ಮತ್ತು ಭಾಷೆಯ ತೊಂದರೆ ಇರುವವರು ಶೇ. 19, ಆಟಿಸಂ ಇರುವವರು ಶೇ. 13.

ಈಡೇರದ ಶೇ. 40

ಹಕ್ಕು ಕೊಟ್ಟಾಯಿತು, ಹಣ ಕೊಡುವವರು ಯಾರು? ಸಾಮಾನ್ಯ ವಿದ್ಯಾರ್ಥಿಯೊಬ್ಬನಿಗೆ ದೇಶದಲ್ಲಿ ಸರಾಸರಿ ತಗಲುವ ವೆಚ್ಚದ ಶೇ. 40ರಷ್ಟನ್ನು ಪ್ರತಿ ವಿಕಲಚೇತನ ಮಗುವಿಗೆ ಹೆಚ್ಚುವರಿಯಾಗಿ ತಾನು ಭರಿಸುವುದಾಗಿ 1975ರಲ್ಲಿ ಫೆಡರಲ್ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಕಾಯ್ದೆಗೆ ಸಹಿ ಹಾಕುವ ಹೊತ್ತಿನಲ್ಲೇ ಫೋರ್ಡ್, ಸರ್ಕಾರ ಕೊಡಲಾಗದಷ್ಟನ್ನು ಈ ಕಾಯ್ದೆ ಭರವಸೆ ನೀಡುತ್ತಿದೆ ಎಂದು ಆತಂಕ ವ್ಯಕ್ತಪಡಿಸಿದ್ದರು.

ಅವರ ಆತಂಕ ನಿಜವಾಯಿತು. ಅರ್ಧ ಶತಮಾನ ಕಳೆದರೂ ಆ ಶೇ. 40 ಒಮ್ಮೆಯೂ ಪೂರ್ತಿ ಬಂದಿಲ್ಲ. ಆರ್ಥಿಕ ಹಿಂಜರಿತದಿಂದ ಪಾರಾಗಲು 2009ರಲ್ಲಿ ನೀಡಿದ ವಿಶೇಷ ನೆರವನ್ನು ಬಿಟ್ಟರೆ ಈ ಪಾಲು ಶೇ. 20ನ್ನೂ ಮುಟ್ಟಿಲ್ಲ. ಇತ್ತೀಚಿನ ವರ್ಷಗಳಲ್ಲಿ ವಾರ್ಷಿಕ ಅನುದಾನ ಸುಮಾರು 1,400 ಕೋಟಿ ಡಾಲರ್ ಇದ್ದರೂ ಮಕ್ಕಳ ಸಂಖ್ಯೆ ಹಾಗೂ ವೆಚ್ಚ ಎರಡೂ ಏರಿರುವುದರಿಂದ ಅದು ಶೇ. 13ಕ್ಕಿಂತ ಮೇಲೇರುತ್ತಿಲ್ಲ.

ಕಾಯ್ದೆ ಬರೆದವರು ಒಬ್ಬರು, ಬಿಲ್ಲು ಕಟ್ಟುವವರು ಮತ್ತೊಬ್ಬರು ಎಂಬ ಸ್ಥಿತಿ ಇಲ್ಲಿಂದಲೇ ಆರಂಭ. ಹಣ ಬರಲಿ, ಬಾರದಿರಲಿ, ಮಗುವಿನ ಹಕ್ಕು ಮಾತ್ರ ಇಳಿಯುವುದಿಲ್ಲ. ಉಳಿದ ಹೊರೆಯನ್ನು ರಾಜ್ಯಗಳೂ ಸ್ಥಳೀಯ ‘ಸ್ಕೂಲ್ ಡಿಸ್ಟ್ರಿಕ್ಟ್’ಗಳೂ ಹೊರಬೇಕು.

ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಒಂದು ಊರು ಅಥವಾ ಕೆಲವು ಊರುಗಳ ಶಾಲೆಗಳನ್ನು ನಡೆಸುವ, ಸಾಮಾನ್ಯವಾಗಿ ಚುನಾಯಿತ ಮಂಡಳಿಯುಳ್ಳ ಸ್ಥಳೀಯ ಆಡಳಿತ ಅದು. ದೇಶದಲ್ಲಿ ಇಂಥವು ಸುಮಾರು 13,000 ಇವೆ. ಇವುಗಳ ಮುಖ್ಯ ಆದಾಯ ಮನೆ, ನಿವೇಶನಗಳ ಮೇಲಿನ ಆಸ್ತಿ ತೆರಿಗೆ. ಒಟ್ಟಾರೆ ಶಾಲಾ ವೆಚ್ಚದಲ್ಲಿ ರಾಜ್ಯ ಮತ್ತು ಸ್ಥಳೀಯ ಮೂಲಗಳ ಪಾಲು ಹೆಚ್ಚು ಕಡಿಮೆ ಸಮಸಮ. ಫೆಡರಲ್ ಸರ್ಕಾರದ್ದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗ. ಇಡೀ ರಾಜ್ಯವೇ ಒಂದು ಡಿಸ್ಟ್ರಿಕ್ಟ್ ಆಗಿರುವ ಹವಾಯಿ ಮಾತ್ರ ಇದಕ್ಕೆ ಹೊರತು.

1999–2000ರ ಅಂಕಿಅಂಶಗಳನ್ನು ಆಧರಿಸಿ ನಡೆದ ರಾಷ್ಟ್ರೀಯ ಅಧ್ಯಯನವೊಂದು, ವಿಶೇಷ ಶಿಕ್ಷಣ ಪಡೆಯುವ ಮಗುವಿಗೆ ತಗಲುವ ಒಟ್ಟು ವೆಚ್ಚ ಇತರ ಮಗುವಿನ ವೆಚ್ಚದ ಸುಮಾರು 1.9 ಪಟ್ಟು ಎಂದು ಅಂದಾಜು ಮಾಡಿತ್ತು. ಅದು ಸರಾಸರಿ ಮಾತ್ರ. ವಾರಕ್ಕೆರಡು ಬಾರಿ ವಾಕ್ ಚಿಕಿತ್ಸೆ ಪಡೆಯುವ ಮಗುವಿನ ವೆಚ್ಚಕ್ಕೂ ದಿನವಿಡೀ ದಾದಿಯೊಬ್ಬರು ಜೊತೆಗಿರಬೇಕಾದ ಮಗುವಿನ ವೆಚ್ಚಕ್ಕೂ ಅಜಗಜಾಂತರ. ಈ ಅಂತರವನ್ನು ತುಂಬಲು ರಾಜ್ಯಗಳು ಕಂಡುಕೊಂಡಿರುವ ಮಾರ್ಗಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಹಲವು ರಾಜ್ಯಗಳು ಒಂದಕ್ಕಿಂತ ಹೆಚ್ಚು ಮಾರ್ಗಗಳನ್ನು ಬೆರೆಸಿಕೊಂಡಿವೆ.

ಒಂದು: ಗುಣಾಂಕ ಪದ್ಧತಿ

ಇದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಪ್ರತಿ ವಿದ್ಯಾರ್ಥಿಗೆ ಒಂದು ಮೂಲ ಅನುದಾನ ಇರುತ್ತದೆ. ವಿಶೇಷ ಅಗತ್ಯವುಳ್ಳ ಮಗುವಾದರೆ ಆ ಮೊತ್ತವನ್ನು ಒಂದು ಗುಣಾಂಕದಿಂದ ಹೆಚ್ಚಿಸಲಾಗುತ್ತದೆ. ಮೂಲ ಅನುದಾನ 8,000 ಡಾಲರ್, ಹೆಚ್ಚುವರಿ ಗುಣಾಂಕ 0.5 ಎಂದಿಟ್ಟುಕೊಂಡರೆ ಆ ಮಗುವಿನ ಲೆಕ್ಕದಲ್ಲಿ ಶಾಲೆಗೆ 12,000 ಡಾಲರ್ ಬರುತ್ತದೆ.

ಗುಣಾಂಕವನ್ನು ಯಾವುದರ ಮೇಲೆ ನಿಗದಿ ಮಾಡಬೇಕು ಎಂಬಲ್ಲಿ ಭಿನ್ನತೆ ಇದೆ. ಒಕ್ಲಹೋಮಾದಲ್ಲಿ ಅದು ನ್ಯೂನತೆಯ ಬಗೆಯನ್ನು ಅವಲಂಬಿಸಿದೆ. ದೃಷ್ಟಿದೋಷಕ್ಕೆ 3.8, ಕಲಿಕಾ ನ್ಯೂನತೆಗೆ 0.4, ಮಾತಿನ ತೊಂದರೆಗೆ ಕೇವಲ 0.05. ಲೆಕ್ಕ ಸರಳ, ಆದರೆ ಒಂದೇ ಬಗೆಯ ನ್ಯೂನತೆಯಿರುವ ಇಬ್ಬರು ಮಕ್ಕಳ ಅಗತ್ಯ ಒಂದೇ ಆಗಿರಬೇಕಿಲ್ಲ. ಆಟಿಸಂ ಇರುವ ಒಬ್ಬ ಬಾಲಕ ಸಾಮಾನ್ಯ ತರಗತಿಯಲ್ಲಿ ಅಲ್ಪ ನೆರವಿನಿಂದ ಕಲಿಯಬಲ್ಲ. ಇನ್ನೊಬ್ಬನಿಗೆ ಪೂರ್ಣಾವಧಿ ಸಹಾಯಕರು ಬೇಕು.

ಇದನ್ನು ಮನಗಂಡ ಫ್ಲಾರಿಡಾ, ನ್ಯೂನತೆಯ ಹೆಸರಿನ ಬದಲು ಮಗುವಿಗೆ ಬೇಕಾದ ಸೇವೆಯ ತೀವ್ರತೆಯನ್ನು ಅಳೆಯುವ ಕೋಷ್ಟಕವನ್ನು ರೂಪಿಸಿಕೊಂಡಿದೆ. ಕಲಿಕೆ, ವರ್ತನೆ, ಸ್ವಾವಲಂಬನೆ, ಆರೋಗ್ಯ, ಸಂವಹನ ಎಂಬ ಐದು ಕ್ಷೇತ್ರಗಳಲ್ಲಿ ಐದು ಹಂತಗಳಲ್ಲಿ ಅಗತ್ಯವನ್ನು ಗುರುತಿಸಲಾಗುತ್ತದೆ. ಅತಿ ಹೆಚ್ಚು ನೆರವು ಬೇಕಾದ ಮೇಲಿನ ಎರಡು ಹಂತಗಳಿಗೆ ಪ್ರತ್ಯೇಕ ಗುಣಾಂಕ ಉಂಟು.

ಟೆಕ್ಸಾಸ್ ಮಾತ್ರ ಬಹುಕಾಲ ಮಗು ಎಲ್ಲಿ ಕುಳಿತು ಕಲಿಯುತ್ತದೆ ಎಂಬುದರ ಮೇಲೆ ಗುಣಾಂಕ ನೀಡುತ್ತ ಬಂದಿತು. ಪ್ರತ್ಯೇಕ ಕೊಠಡಿಗೆ ಹೆಚ್ಚು, ಸಾಮಾನ್ಯ ತರಗತಿಗೆ ಕಡಿಮೆ. ಮಕ್ಕಳನ್ನು ಬೆರೆಸಿ ಕಲಿಸಬೇಕೆಂಬ ಕಾಯ್ದೆಯ ಆಶಯಕ್ಕೆ ಹಣದ ಸೆಳೆತವೇ ವಿರುದ್ಧವಾಗಿತ್ತು ಎಂಬ ಟೀಕೆ ಇದಕ್ಕೆ ಎದುರಾಗಿತ್ತು. 2025ರಲ್ಲಿ ಅಂಗೀಕಾರಗೊಂಡ ಶಾಲಾ ಅನುದಾನ ಕಾಯ್ದೆ ಈ ಕ್ರಮದ ಬದಲು ಸೇವೆಯ ತೀವ್ರತೆಯನ್ನು ಆಧರಿಸಿದ ಕ್ರಮವನ್ನು 2026–27ರಿಂದ ತರಲು ಅವಕಾಶ ಮಾಡಿದೆ.

ಎರಡು: ಒಟ್ಟು ದಾಖಲಾತಿ ಪದ್ಧತಿ

ಹೆಚ್ಚು ಮಕ್ಕಳನ್ನು ಗುರುತಿಸಿದಷ್ಟೂ ಹೆಚ್ಚು ಹಣ ಬರುವುದಾದರೆ, ಅಗತ್ಯವಿಲ್ಲದ ಮಕ್ಕಳಿಗೂ ಶಾಲೆಗಳು ಹಣೆಪಟ್ಟಿ ಹಚ್ಚಲಾರವೇ? 1990ರ ದಶಕದಲ್ಲಿ ಈ ಪ್ರಶ್ನೆ ಅಮೆರಿಕದಲ್ಲಿ ಬಲವಾಗಿ ಕೇಳಿಬಂತು. ಅದಕ್ಕೆ ಆಧಾರವೂ ಇತ್ತು. ಅರ್ಥಶಾಸ್ತ್ರಜ್ಞೆ ಜೂಲಿ ಬೆರಿ ಕಲನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಟೆಕ್ಸಾಸ್‌ನಲ್ಲಿ ವಿಶೇಷ ಶಿಕ್ಷಣದ ಮಕ್ಕಳ ಪ್ರಮಾಣದಲ್ಲಿ ಆದ ಏರಿಕೆಯ ಸುಮಾರು ಶೇ. 40ರಷ್ಟಕ್ಕೆ ಅನುದಾನದ ಆಕರ್ಷಣೆಯೇ ಕಾರಣವಾಗಿರಬಹುದೆಂದು ತೋರಿಸಿತು.

ಇದಕ್ಕೆ ಪರಿಹಾರವಾಗಿ ಬಂದದ್ದು ಎರಡನೆಯ ಕ್ರಮ. ಇಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಎಣಿಸುವುದೇ ಇಲ್ಲ. ಡಿಸ್ಟ್ರಿಕ್ಟ್‌ನ ಒಟ್ಟು ಮಕ್ಕಳ ಸಂಖ್ಯೆಯನ್ನೋ ಹಾಜರಾತಿಯನ್ನೋ ನೋಡಿ ಹಣ ನೀಡಲಾಗುತ್ತದೆ. ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಇಂಥ ಮಕ್ಕಳಿರುತ್ತಾರೆ ಎಂಬುದು ಇದರ ಹಿಂದಿನ ಗ್ರಹಿಕೆ. ಕ್ಯಾಲಿಫೋರ್ನಿಯಾ 1997ರ ಕಾನೂನಿನ ಮೂಲಕ ಈ ದಾರಿ ಹಿಡಿಯಿತು. ಅದೇ ವರ್ಷ ಫೆಡರಲ್ ಸರ್ಕಾರವೂ ತನ್ನ ಸೂತ್ರವನ್ನು ತಿದ್ದಿತು. ಹೊಸದಾಗಿ ಸೇರುವ ಹಣದಲ್ಲಿ ಶೇ. 85ನ್ನು ಮಕ್ಕಳ ಒಟ್ಟು ಜನಸಂಖ್ಯೆಯ ಮೇಲೆ, ಶೇ. 15ನ್ನು ಬಡ ಮಕ್ಕಳ ಸಂಖ್ಯೆಯ ಮೇಲೆ ಹಂಚುವುದೆಂದಾಯಿತು.

ಇಲ್ಲಿ ಹಣೆಪಟ್ಟಿಯ ಆಮಿಷ ಇಲ್ಲ. ಆದರೆ ಗ್ರಹಿಕೆಗೂ ವಾಸ್ತವಕ್ಕೂ ಇರುವ ಅಂತರವನ್ನು ಸ್ಥಳೀಯ ಆಡಳಿತವೇ ತುಂಬಬೇಕು. ಐಡಹೋ ರಾಜ್ಯದ ಸೂತ್ರವು ಪ್ರಾಥಮಿಕ ಹಂತದಲ್ಲಿ ಶೇ. 6, ಮೇಲಿನ ತರಗತಿಗಳಲ್ಲಿ ಶೇ. 5.5ರಷ್ಟು ಮಕ್ಕಳಿಗೆ ಮಾತ್ರ ಈ ಅಗತ್ಯವಿದೆ ಎಂದು ಭಾವಿಸಿ ರೂಪುಗೊಂಡದ್ದು. ರಾಷ್ಟ್ರೀಯ ಪ್ರಮಾಣ ಶೇ. 15 ಎಂಬುದನ್ನು ನೆನೆದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಉತ್ತಮ ಸೇವೆ ನೀಡುವ ಊರಿಗೆ ಇಂಥ ಮಕ್ಕಳ ಕುಟುಂಬಗಳು ವಲಸೆ ಬಂದರಂತೂ ಒಳ್ಳೆಯ ಕೆಲಸವೇ ಆ ಊರಿಗೆ ನಷ್ಟದ ಬಾಬತ್ತಾಗುತ್ತದೆ.

ಪೆನ್ಸಿಲ್ವೇನಿಯಾ ಇದನ್ನು ಅನುಭವಿಸಿಯೇ ಕಲಿಯಿತು. ಎಲ್ಲ ಡಿಸ್ಟ್ರಿಕ್ಟ್‌ಗಳಲ್ಲೂ ಒಂದೇ ಪ್ರಮಾಣದ ಮಕ್ಕಳಿದ್ದಾರೆಂದು ಎರಡು ದಶಕ ಕಾಲ ಹಣ ಹಂಚಿದ ಆ ರಾಜ್ಯ, 2014ರ ಕಾನೂನಿನ ಮೂಲಕ ಹೊಸದಾಗಿ ಸೇರುವ ಅನುದಾನಕ್ಕಾದರೂ ಮಕ್ಕಳನ್ನು ವೆಚ್ಚಕ್ಕನುಗುಣವಾಗಿ ಮೂರು ಶ್ರೇಣಿಗಳಲ್ಲಿ ಎಣಿಸತೊಡಗಿತು.

ಮೂರು: ಶಿಕ್ಷಕರ ಘಟಕ

ಮೂರನೆಯ ಬಗೆಯಲ್ಲಿ ರಾಜ್ಯ ಹಣ ಎಣಿಸುವ ಮೊದಲು ಶಿಕ್ಷಕರನ್ನು ಎಣಿಸುತ್ತದೆ. ಡೆಲವೇರ್ ರಾಜ್ಯದಲ್ಲಿ 4ರಿಂದ 12ನೆಯ ತರಗತಿಯವರೆಗೆ 20 ಸಾಮಾನ್ಯ ವಿದ್ಯಾರ್ಥಿಗಳಿಗೆ ಒಂದು ‘ಘಟಕ’ ಮಂಜೂರಾಗುತ್ತದೆ. ಸಾಧಾರಣ ಪ್ರಮಾಣದ ವಿಶೇಷ ಅಗತ್ಯವಿದ್ದರೆ 8.4 ಮಕ್ಕಳಿಗೆ, ತೀವ್ರ ಅಗತ್ಯವಿದ್ದರೆ 6 ಮಕ್ಕಳಿಗೆ, ಅತಿ ಸಂಕೀರ್ಣ ಅಗತ್ಯವಿದ್ದರೆ 2.6 ಮಕ್ಕಳಿಗೆ ಒಂದು ಘಟಕ. ಘಟಕ ಬಂದರೆ ಶಿಕ್ಷಕರ ಹುದ್ದೆಯೂ ಬಂದಂತೆ.

ಈ ಕ್ರಮದಲ್ಲಿ ಹಣ ನೇರವಾಗಿ ತರಗತಿಗೇ ತಲುಪುತ್ತದೆ ಎಂಬುದು ಅನುಕೂಲ. ಆದರೆ ವಿಶೇಷ ಶಿಕ್ಷಕರ ಕೊರತೆ ಇರುವಲ್ಲಿ ಮಂಜೂರಾದ ಹುದ್ದೆ ಖಾಲಿ ಬಿದ್ದಿರುವ ಅಪಾಯವೂ ಇದೆ. ಆಯಾ ಊರಿನ ಅಗತ್ಯಕ್ಕೆ ತಕ್ಕಂತೆ ಹಣವನ್ನು ಬೇರೆ ಬಗೆಯಲ್ಲಿ ಬಳಸುವ ಸ್ವಾತಂತ್ರ್ಯವೂ ಶಾಲೆಗೆ ಕಡಿಮೆ.

ನಾಲ್ಕು: ಖರ್ಚು ಮಾಡಿ, ಬಿಲ್ಲು ಕೊಡಿ

ನಾಲ್ಕನೆಯದು ಮರುಪಾವತಿ ಕ್ರಮ. ಡಿಸ್ಟ್ರಿಕ್ಟ್ ಮೊದಲು ಖರ್ಚು ಮಾಡುತ್ತದೆ. ರಾಜ್ಯ ಅನಂತರ ಅದರಲ್ಲೊಂದು ಪಾಲನ್ನು ಹಿಂದಿರುಗಿಸುತ್ತದೆ. ವಾಸ್ತವ ವೆಚ್ಚಕ್ಕೆ ಇದು ಅತ್ಯಂತ ಹತ್ತಿರದ ಕ್ರಮ. ಇಡೀ ಸಮಸ್ಯೆ ಇರುವುದು ಆ ‘ಪಾಲು’ ಎಷ್ಟು ಎಂಬುದರಲ್ಲಿ.

ವಿಸ್ಕಾನ್ಸಿನ್ ರಾಜ್ಯದಲ್ಲಿ 2010ರ ದಶಕದಲ್ಲಿ ಈ ಪಾಲು ವೆಚ್ಚದ ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು. ಉಳಿದ ಮುಕ್ಕಾಲು ಭಾಗದ ಬಹುಪಾಲನ್ನು ಶಾಲೆಗಳು ಇತರ ಮಕ್ಕಳಿಗೆಂದು ಇದ್ದ ಸಾಮಾನ್ಯ ನಿಧಿಯಿಂದ ತೆಗೆಯಬೇಕಾಯಿತು. 2025ರ ಜುಲೈನಲ್ಲಿ ಸಹಿಯಾದ ದ್ವೈವಾರ್ಷಿಕ ಬಜೆಟ್ ಮೊದಲ ವರ್ಷ ಶೇ. 42, ಎರಡನೆಯ ವರ್ಷ ಶೇ. 45 ಮರುಪಾವತಿಯ ಗುರಿ ಇಟ್ಟುಕೊಂಡಿತು. ಆದರೆ ಮೀಸಲಿಟ್ಟ ಮೊತ್ತ ನಿಗದಿಯಾದದ್ದು. ಖರ್ಚು ಅಂದಾಜನ್ನು ಮೀರಿದರೆ ಶೇಕಡಾವಾರು ಪ್ರಮಾಣ ತಾನಾಗಿಯೇ ಕೆಳಗಿಳಿಯುತ್ತದೆ.

ಮಿಷಿಗನ್‌ನಲ್ಲಿ ಈ ಪಾಲನ್ನು ನಿರ್ಧರಿಸಿದ್ದು ನ್ಯಾಯಾಲಯ. 1980ರಲ್ಲಿ ಆರಂಭವಾದ ಡ್ಯೂರಂಟ್ ಪ್ರಕರಣ 1997ರವರೆಗೆ ನಡೆಯಿತು. ವಿಶೇಷ ಶಿಕ್ಷಣದ ವೆಚ್ಚದಲ್ಲಿ ಶೇ. 28.6138ನ್ನೂ ಆ ಮಕ್ಕಳನ್ನು ಶಾಲೆಗೆ ಕರೆತರುವ ವಾಹನ ವೆಚ್ಚದಲ್ಲಿ ಶೇ. 70.4165ನ್ನೂ ರಾಜ್ಯವೇ ಭರಿಸಬೇಕೆಂದು ತೀರ್ಮಾನವಾಯಿತು. ದಶಮಾಂಶದ ನಾಲ್ಕು ಸ್ಥಾನಗಳವರೆಗಿನ ಈ ಲೆಕ್ಕಕ್ಕೆ ಹಿಡಿದದ್ದು ಹದಿನೇಳು ವರ್ಷ. ಒಂದನೇ ತರಗತಿಗೆ ಸೇರಿದ ಮಗು ಕಾಲೇಜು ಮುಗಿಸುವಷ್ಟು ಅವಧಿ.

ಇನ್ನು ವರ್ಮಾಂಟ್ ರಾಜ್ಯವು ಮರುಪಾವತಿಯ ಕ್ರಮ ವೆಚ್ಚ ಹೆಚ್ಚಿಸಲು ಹಾಗೂ ಕಾಗದಪತ್ರಗಳ ಕೆಲಸ ಬೆಳೆಯಲು ದಾರಿಯಾಗುತ್ತಿದೆ ಎಂದು 2018ರಲ್ಲಿ ಹೊಸ ಕಾನೂನು ಮಾಡಿ, 2022ರ ಜುಲೈನಿಂದ ಒಟ್ಟು ದಾಖಲಾತಿ ಪದ್ಧತಿಗೆ ಹೊರಳಿತು. ಪೆನ್ಸಿಲ್ವೇನಿಯಾ ಬಿಟ್ಟುಬಂದ ದಾರಿಯನ್ನೇ ವರ್ಮಾಂಟ್ ಹಿಡಿದಂತಾಯಿತು.

ದುಬಾರಿ ಮಗು ಎಂಬ ಪ್ರಶ್ನೆ

ಯಾವ ಸೂತ್ರ ಹಿಡಿದರೂ ಅದಕ್ಕೆ ನಿಲುಕದ ಮಕ್ಕಳು ಕೆಲವರಿರುತ್ತಾರೆ. ಉಸಿರಾಟಕ್ಕೆ ಯಂತ್ರ ಬೇಕಾದ, ವಸತಿ ಶಾಲೆಯೇ ಅನಿವಾರ್ಯವಾದ ಮಗುವೊಂದು ಸಣ್ಣ ಊರಿನ ಶಾಲಾ ಬಜೆಟ್ಟನ್ನೇ ಏರುಪೇರು ಮಾಡಬಹುದು. ಇದಕ್ಕೆಂದೇ ಅನೇಕ ರಾಜ್ಯಗಳು ಪ್ರತ್ಯೇಕ ನಿಧಿ ಇಟ್ಟಿವೆ. ಮ್ಯಾಸಚೂಸೆಟ್ಸ್‌ನಲ್ಲಿ ಇದರ ಹೆಸರು ‘ಸರ್ಕ್ಯೂಟ್ ಬ್ರೇಕರ್’. ಮನೆಯ ವಿದ್ಯುತ್ ತಂತಿಗೆ ಭಾರ ಹೆಚ್ಚಾದಾಗ ತಾನಾಗಿ ಕೆಳಗೆ ಬೀಳುವ ಸ್ವಿಚ್ಚಿನಂತೆ, ಮಗುವಿನ ವೆಚ್ಚ ರಾಜ್ಯದ ಸರಾಸರಿ ಮೂಲ ವೆಚ್ಚದ ನಾಲ್ಕು ಪಟ್ಟು ದಾಟಿದರೆ ಮೇಲಿನ ಮೊತ್ತದ ಶೇ. 75ರವರೆಗೆ ರಾಜ್ಯ ಭರಿಸುತ್ತದೆ.

ವೆಚ್ಚ ಹೆಚ್ಚೆಂಬ ಕಾರಣಕ್ಕೆ ಮಗುವನ್ನು ಕೈಬಿಡಲಾಗದು ಎಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ ಖಚಿತಪಡಿಸಿತು. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಶಾಲಾಡಳಿತವು ಕೃತಕ ಉಸಿರಾಟದ ನೆರವಿನಲ್ಲಿದ್ದ ವಿದ್ಯಾರ್ಥಿಗೆ ಶಾಲಾ ಅವಧಿಯಲ್ಲಿ ಶುಶ್ರೂಷೆಯ ವ್ಯವಸ್ಥೆ ಮಾಡಲೇಬೇಕು ಎಂದು ನ್ಯಾಯಾಲಯ ಏಳು–ಎರಡರ ಬಹುಮತದಿಂದ ತೀರ್ಪಿತ್ತಿತು. 2017ರಲ್ಲಿ ಕೊಲರಾಡೊದ ಡಗ್ಲಸ್ ಕೌಂಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸರ್ವಾನುಮತದಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೆಸರಿಗಷ್ಟು ಪ್ರಗತಿ ತೋರಿಸಿದರೆ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂಥ ಯೋಜನೆಯನ್ನೇ ಶಾಲೆ ರೂಪಿಸಬೇಕು ಎಂದಿತು.

ಮೆಟ್ಟಿಲೇರಿದವರಿಗೆ ನ್ಯಾಯ ಸಿಗುತ್ತದೆ. ಆದರೆ ಮೆಟ್ಟಿಲೇರಲು ವಕೀಲರ ಶುಲ್ಕ ಬೇಕು. ಖಾಸಗಿ ಶಾಲೆಗೆ ಮೊದಲು ತಾವೇ ಹಣ ಕಟ್ಟಿ ಅನಂತರ ಸರ್ಕಾರದಿಂದ ವಸೂಲು ಮಾಡುವ ಶಕ್ತಿ ಬೇಕು. ಹೀಗಾಗಿ ಎಲ್ಲರಿಗೂ ಸಮಾನವಾದ ಹಕ್ಕು ಅನುಕೂಲಸ್ಥರಿಗೆ ಬೇಗ ಒಲಿಯುತ್ತದೆ ಎಂಬ ಟೀಕೆ ಇದೆ.

ಟೆಕ್ಸಾಸ್ ಕಲಿಸಿದ ಪಾಠ

ಮತ್ತೆ ಶೇ. 8.5ರ ಕಥೆಗೆ ಬರುವುದಾದರೆ, ಹನ್ನೆರಡು ವರ್ಷ ಸದ್ದಿಲ್ಲದೆ ನಡೆದ ಈ ವ್ಯವಹಾರವನ್ನು 2016ರಲ್ಲಿ ಬಯಲಿಗೆಳೆದದ್ದು ‘ಹ್ಯೂಸ್ಟನ್ ಕ್ರಾನಿಕಲ್’ ದಿನಪತ್ರಿಕೆ. ರಾಷ್ಟ್ರೀಯ ಸರಾಸರಿಯಷ್ಟೇ ಮಕ್ಕಳನ್ನು ಗುರುತಿಸಿದ್ದರೆ ಇನ್ನೂ ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸೇವೆ ದೊರೆಯುತ್ತಿತ್ತು ಎಂದು ಪತ್ರಿಕೆ ಲೆಕ್ಕ ಹಾಕಿತು. ರಾಜ್ಯದ ಶಾಸಕಾಂಗ 2017ರಲ್ಲಿ ಇಂಥ ಮಿತಿಯನ್ನು ಕಾನೂನಿನ ಮೂಲಕ ನಿಷೇಧಿಸಿತು. ಟೆಕ್ಸಾಸ್ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದು ಫೆಡರಲ್ ಶಿಕ್ಷಣ ಇಲಾಖೆ 2018ರ ಜನವರಿಯಲ್ಲಿ ತೀರ್ಮಾನಿಸಿತು. ಮಿತಿ ತೆಗೆದ ಕೆಲವೇ ವರ್ಷಗಳಲ್ಲಿ ಅಲ್ಲಿನ ಪ್ರಮಾಣ ಮತ್ತೆ ಶೇ. 12ನ್ನು ದಾಟಿತು.

ಈ ನಡುವೆ ಇನ್ನೊಂದು ವಿವಾದವೂ ಇತ್ತು. ವಿಶೇಷ ಶಿಕ್ಷಣಕ್ಕೆ ಹಿಂದಿನ ವರ್ಷ ನೀಡಿದ್ದಕ್ಕಿಂತ ಕಡಿಮೆ ಹಣ ನೀಡುವಂತಿಲ್ಲ ಎಂದು ಫೆಡರಲ್ ಕಾಯ್ದೆ ರಾಜ್ಯಗಳಿಗೆ ಷರತ್ತು ವಿಧಿಸುತ್ತದೆ. 2012ರಲ್ಲಿ ಟೆಕ್ಸಾಸ್ ಸುಮಾರು 3.33 ಕೋಟಿ ಡಾಲರ್ ಕಡಿಮೆ ನೀಡಿತ್ತು. ಮಕ್ಕಳ ಅಗತ್ಯವೇ ಕಡಿಮೆಯಾಗಿತ್ತೆಂದು ರಾಜ್ಯ ವಾದಿಸಿತು. 2018ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು.

ಆದರೆ ಕಳೆದುಹೋದ ವರ್ಷಗಳನ್ನು ಯಾವ ತೀರ್ಪೂ ಹಿಂದಿರುಗಿಸಲಾರದು. ಬ್ರಯಾನಾ ಬ್ಯಾಲಿಸ್ ಮತ್ತು ಕೇಟ್ಲಿನ್ ಹೀತ್ ಎಂಬ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಮಿತಿಯ ಕಾರಣ ವಿಶೇಷ ಶಿಕ್ಷಣ ಕಳೆದುಕೊಂಡ ಮಕ್ಕಳು ಶಾಲೆ ಪೂರೈಸುವ ಹಾಗೂ ಕಾಲೇಜು ಸೇರುವ ಸಾಧ್ಯತೆ ಗಣನೀಯವಾಗಿ ಕುಗ್ಗಿತು.

ಕುತೂಹಲದ ಸಂಗತಿ ಎಂದರೆ, ಹಣದಾಸೆಗೆ ಮಕ್ಕಳ ಸಂಖ್ಯೆ ಹೆಚ್ಚಿಸಿದ್ದಕ್ಕೂ ಹಣ ಉಳಿಸಲು ಸಂಖ್ಯೆ ಇಳಿಸಿದ್ದಕ್ಕೂ ಒಂದೇ ರಾಜ್ಯ ಉದಾಹರಣೆಯಾಗಿದೆ. ಎರಡೂ ಸಂದರ್ಭಗಳಲ್ಲಿ ಮಗುವಿನ ಅಗತ್ಯ ಹಿಂದೆ ಬಿದ್ದು ಸೂತ್ರ ಮುಂದೆ ಬಂದಿತ್ತು.

ಅನಿವಾಸಿ ಕನ್ನಡಿಗರಿಗೂ ಸಂಬಂಧಿಸಿದ್ದು

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳಲ್ಲಿ ಅನೇಕರು ಕಲಿಯುತ್ತಿರುವುದು ಈ ಸರ್ಕಾರಿ ಶಾಲೆಗಳಲ್ಲೇ. ವಿಶೇಷ ಶಿಕ್ಷಣದ ಹಕ್ಕಿಗೆ ಅಮೆರಿಕದ ಪೌರತ್ವ ಬೇಕಿಲ್ಲ. ಉದ್ಯೋಗ ವೀಸಾದಲ್ಲಿರುವವರ ಮಕ್ಕಳಿಗೂ ಅದು ಅನ್ವಯ. ಮಗುವಿನ ಮೌಲ್ಯಮಾಪನಕ್ಕೆ ಪೋಷಕರು ಲಿಖಿತವಾಗಿ ಕೋರಬಹುದು, ಅದಕ್ಕೆ ಶುಲ್ಕವಿಲ್ಲ. ವೈಯಕ್ತಿಕ ಶಿಕ್ಷಣ ಯೋಜನೆಯ ಸಭೆಯಲ್ಲಿ ತಂದೆತಾಯಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದರೆ ಅವರಿಗೆ ವಿಷಯ ಅರ್ಥವಾಗುವಂತೆ ದುಭಾಷಿಯನ್ನು ಒದಗಿಸುವುದೂ ಸೇರಿದಂತೆ ಅಗತ್ಯ ಕ್ರಮ ಕೈಗೊಳ್ಳುವುದು ಶಾಲೆಯ ಹೊಣೆ. ಮಗುವಿಗೆ ನೀಡಲು ನಿಧಿ ಇಲ್ಲ ಎಂಬ ಉತ್ತರ ಬಂದರೆ ಅದು ಕಾಯ್ದೆಗೆ ಒಪ್ಪುವ ಉತ್ತರವಲ್ಲ.

2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಫೆಡರಲ್ ಶಿಕ್ಷಣ ಇಲಾಖೆಯನ್ನು ಮುಚ್ಚುವತ್ತ ಹೆಜ್ಜೆ ಇಡುವ ಆದೇಶಕ್ಕೆ ಸಹಿ ಹಾಕಿದ್ದು ಈ ಪೋಷಕರಲ್ಲಿ ಆತಂಕ ಮೂಡಿಸಿತು. ಇಲಾಖೆಯನ್ನು ಸಂಪೂರ್ಣ ರದ್ದುಪಡಿಸಲು ಸಂಸತ್ತಿನ ಒಪ್ಪಿಗೆ ಬೇಕು. 1975ರ ಕಾಯ್ದೆಯೂ ಇಲಾಖೆಯ ಆದೇಶವಲ್ಲ, ಸಂಸತ್ತು ಮಾಡಿದ ಶಾಸನ. ಆದ್ದರಿಂದ ಹಕ್ಕು ತಾನಾಗಿ ಅಳಿಯದು. ಆದರೆ ಟೆಕ್ಸಾಸ್‌ನಂಥ ರಾಜ್ಯಕ್ಕೆ ‘ನೀವು ತಪ್ಪಿದ್ದೀರಿ’ ಎಂದು ಹೇಳಿದ್ದು ಇದೇ ಇಲಾಖೆ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಲೆಕ್ಕ

ಭಾರತದ ವ್ಯವಸ್ಥೆ ಬೇರೆ, ಪ್ರಶ್ನೆ ಮಾತ್ರ ಅದೇ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು ನಿಗದಿತ ಪ್ರಮಾಣದ ನ್ಯೂನತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿನ ಅವಕಾಶವಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. ಹೆಣ್ಣುಮಕ್ಕಳಿಗೆ ಹತ್ತು ತಿಂಗಳ ಕಾಲ ಮಾಸಿಕ 200 ರೂಪಾಯಿ ಪ್ರೋತ್ಸಾಹ ಧನವೂ ಉಂಟು.

ಅಮೆರಿಕದ ಭಾಷೆಯಲ್ಲಿ ಹೇಳುವುದಾದರೆ ಇದು ಒಂದೇ ದರದಲ್ಲಿ ತಲೆ ಎಣಿಸುವ ಪದ್ಧತಿ. ಕನ್ನಡಕ ಸಾಕಾಗುವ ಮಗುವಿಗೂ ಮನೆಗೇ ಶಿಕ್ಷಕರು ಬರಬೇಕಾದ ಮಗುವಿಗೂ ಯೋಜನೆಯ ಲೆಕ್ಕದಲ್ಲಿ ಗರಿಷ್ಠ ಮಿತಿ ಒಂದೇ. ಡೆಲವೇರ್‌ನಂತೆ ಶಿಕ್ಷಕರನ್ನು ಎಣಿಸುವ ದಾರಿಯನ್ನು ನಮ್ಮ ಸುಪ್ರೀಂ ಕೋರ್ಟ್ ತೋರಿಸಿದೆ. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಅದು 2021ರ ಅಕ್ಟೋಬರ್‌ನಲ್ಲಿ ಮುಂದಿಟ್ಟಿತು. ಅದರಂತೆ ಹುದ್ದೆಗಳನ್ನು ಮಂಜೂರು ಮಾಡಿ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂತು. ತಾಲ್ಲೂಕಿನ ಹಲವು ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕರನ್ನೇ ನೆಚ್ಚಿಕೊಂಡಿರುವ ಕರ್ನಾಟಕದ ಪೋಷಕರಿಗೆ ಈ ಅನುಪಾತದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ದೋಷವೇ ಇಲ್ಲದ ಸೂತ್ರವೊಂದನ್ನು ಅಮೆರಿಕದ ಐವತ್ತು ರಾಜ್ಯಗಳೂ ಇನ್ನೂ ಕಂಡುಕೊಂಡಿಲ್ಲ. ಎಣಿಸಿದರೆ ಹಣೆಪಟ್ಟಿಯ ಭಯ, ಎಣಿಸದಿದ್ದರೆ ಮರೆವಿನ ಭಯ, ಮರುಪಾವತಿಸಿದರೆ ವೆಚ್ಚದ ಭಯ. ಆದರೂ ಅಲ್ಲಿನ ಅನುಭವದಿಂದ ಒಂದು ಮಾತು ಸ್ಪಷ್ಟ. ಶೇ. 8.5ರ ಮಿತಿ ಹನ್ನೆರಡು ವರ್ಷ ಉಳಿದದ್ದು ಅದು ತಪಾಸಣೆಯ ಕಡತದೊಳಗೆ ಅಡಗಿದ್ದರಿಂದ. ಅಳಿದದ್ದು ಅದನ್ನು ಸಾರ್ವಜನಿಕರು ಓದಿದ್ದರಿಂದ. ವಿಶೇಷ ಶಿಕ್ಷಣದ ಬಜೆಟ್ಟಿನ ಪುಟವನ್ನು ಅಧಿಕಾರಿಗಳಷ್ಟೇ ಓದಿದರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.